ಬಚ್ಚಿಟ್ಟ ಗಂಟೆಗೊಂಚಲು

ಹುಡುಗಿ ಹುಡುಕುತ್ತಿರುವಷ್ಟು ಹೊತ್ತು ಡೋಲು ನಿಲ್ಲಬಾರದು. ನಮ್ಮಲ್ಲಿ ಅದು ಕಟ್ಟಳೆ. ಈ ಕಟ್ಟಳೆ ಮಾಡಿದವರು ಯಾರೂ ಜನ್ಮದಲ್ಲಿ ಡೋಲು ಮುಟ್ಟಿದವರಲ್ಲ ಎಂದು ನನಗೆ ಗುಮಾನಿ. ಬೆಳಗಿನ ಗಂಜಿ ಕುಡಿದು ಕೂತವಳು, ಬಿಸಿಲು ಅಂಗಳದ ಸೋಯಾ ಜಾಡಿಗಳ ನೆತ್ತಿಗೇರಿದರೂ ಬಾರಿಸುತ್ತಲೇ ಇದ್ದೆ. ಭುಜ ಬಿದ್ದುಹೋಗುತ್ತಿತ್ತು.

ಹುಡುಗಿಯ ಹೆಸರು ಯೊನ್‌ಸಿಲ್. ತಾಯಿ ಬೊಂಗ್‌ನ್ಯೊ ನಮ್ಮ ಕಡಲಂಚಿನ ಕೇರಿಯ ಮನ್ಸಿನ್, ಅಂದರೆ ಮೈಮೇಲೆ ದೇವರು ಬರುವವಳು. ಯುದ್ಧಕಾಲದಲ್ಲಿ ಉತ್ತರದ ಹ್ವಾಂಗ್‌ಹೆ ಸೀಮೆ ಬಿಟ್ಟು ಒಂದೇ ದೋಣಿಯಲ್ಲಿ ದಕ್ಷಿಣದ ಇಂಚನ್ ಬಂದರಿಗೆ ಓಡಿ ಬಂದವರು ನಾವು. ಅಂದಿನಿಂದ ಅವಳು ಕುಣಿಯುತ್ತಾಳೆ, ನಾನು ಬಾರಿಸುತ್ತೇನೆ. ನನ್ನ ಮೈಮೇಲೆ ಯಾವ ದೇವರೂ ಬಂದಿಲ್ಲ. ನನ್ನ ನಾಲಿಗೆಗೆ ಹೆದರಿರಬೇಕು.

ಯೊನ್‌ಸಿಲ್‌ಳನ್ನು ಹಿಡಿದದ್ದು ದೇವರ ಕಾಯಿಲೆ. ಅನ್ನ ಸೇರದು, ನಿದ್ದೆ ಹತ್ತದು. ಸಂತೆಯಲ್ಲಿ ಗುರುತಿಲ್ಲದವರ ತೋಳು ಹಿಡಿದು, "ನಿಮ್ಮ ಮಾವ ನೀರಲ್ಲಿ ನಿಂತಿದಾರೆ, ಚಳಿಯಂತೆ" ಎನ್ನುತ್ತಿದ್ದಳು. ಆಸ್ಪತ್ರೆಯ ಸೂಜಿ, ನಾರುಬೇರಿನ ಕಷಾಯ ಎಲ್ಲ ಆಯಿತು, ಹುಡುಗಿ ಕಡ್ಡಿಯಾದಳು. ದೇವರನ್ನು ಒಪ್ಪಿಕೊಂಡು ಮನ್ಸಿನ್ ಆದರೆ ಉಳಿಯುತ್ತಾಳೆ, ಇಲ್ಲವಾದರೆ ಒಣಗಿ ಸಾಯುತ್ತಾಳೆ ಎಂದು ಕೇರಿಗೆ ಕೇರಿಯೇ ಹೇಳಿತು. ಬೊಂಗ್‌ನ್ಯೊ ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಮನ್ಸಿನ್ನಿನ ಬಾಳು ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಗು ಸೀಕಾದಾಗ ಬಂದು ಕಾಲು ಹಿಡಿಯುವ ಹೆಂಗಸರೇ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿ ಉಗುಳುತ್ತಾರೆ. ರೇಡಿಯೋ ರಿಪೇರಿಯ ಹುಡುಗನೊಬ್ಬ ಯೊನ್‌ಸಿಲ್‌ಳನ್ನು ಮದುವೆಗೆ ಕೇಳಿದ್ದ. ಅವನ ತಾಯಿ, "ಮೊದ್ಲು ಇವಳ ಮೈಮೇಲೆ ದೇವ್ರಿಲ್ಲ ಅಂತ ಖಾತ್ರಿಯಾಗ್ಲಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಹೀಗಿರುವಾಗ ಬೊಂಗ್‌ನ್ಯೊ ಇದ್ದಕ್ಕಿದ್ದಂತೆ ದೇವರನ್ನು ಮೈಮೇಲೆ ಬರಿಸುವ ಪೂಜೆಗೆ ಒಪ್ಪಿಬಿಟ್ಟಳು. ಪೂಜೆಯಲ್ಲಿ ಹಿರಿಯ ಮನ್ಸಿನ್, ಅಂದರೆ ಇಲ್ಲಿ ಅವಳೇ, ತನ್ನ ಗಂಟೆಗೊಂಚಲನ್ನು ಎಲ್ಲೋ ಬಚ್ಚಿಡುತ್ತಾಳೆ. ದೇವರು ನಿಜವಾಗಿ ಬಂದಿದ್ದರೆ ಹುಡುಗಿ ಅದನ್ನು ಹುಡುಕಿ ಹಿಡಿಯಬೇಕು. ಸಿಗದಿದ್ದರೆ ದೇವರೂ ಇಲ್ಲ ಮನ್ಸಿನ್ನೂ ಇಲ್ಲ, ಅಲ್ಲಿಗೆ ಮಾತು ಮುಗಿಯಿತು.

ಯೊನ್‌ಸಿಲ್ ಅಕ್ಕಿಯ ಮಡಕೆಯೊಳಗೆ ಕೈ ಹಾಕಿದಳು. ಜಾಡಿಗಳ ಮುಚ್ಚಳ ತೆಗೆದಳು. ಒಲೆಯ ಬೂದಿ ಕೆದಕಿದಳು. ಬೇಲಿಯಾಚೆ ಓಡಿ ಬಾವಿಕಟ್ಟೆ ಸುತ್ತಿ ಮತ್ತೆ ಓಡಿ ಬಂದಳು. ಅಂಗಳ ತುಂಬ ಹೆಂಗಸರು. ಹಬೆಕಡುಬು ಮಾರುವ ಒಲ್‌ಸುನ್ ಸುಮ್ಮನಿರುವ ಜಾತಿಯವಳಲ್ಲ.

"ಏನೇ ಹುಡ್ಗಿ, ನಿನ್ನ ದೇವ್ರಿಗೆ ಕನ್ನಡಕ ಮಾಡಿಸ್ಬೇಕಾ?"

"ನಿನ್ನ ಬಾಯಿಗೆ ಬೀಗ ಮಾಡಿಸ್ತೀನಿ, ತಡಿ," ಎಂದೆ ನಾನು, ಕೈ ನಿಲ್ಲಿಸದೆ.

ಜನ ನಕ್ಕರು. ಬೊಂಗ್‌ನ್ಯೊ ನಗಲಿಲ್ಲ. ನೈವೇದ್ಯದ ಹಂದಿತಲೆ ಇಟ್ಟ ಮೇಜಿನ ಪಕ್ಕ ನೆಟ್ಟಗೆ ನಿಂತಿದ್ದಳು. ಆಗ ನನಗೆ ಹೊಳೆಯಿತು: ಬೆಳಗಿನಿಂದ ಇವಳು ಒಂದು ಸಲವೂ ನೆಗೆದಿಲ್ಲ. ನನ್ನ ಡೋಲು ಕೇಳಿದರೆ ಹುಂಜದಂತೆ ನೆಗೆಯುವವಳು ಇಂದು ತುಂಬಿದ ಕೊಡ ಹೊತ್ತವಳಂತೆ ಹೆಜ್ಜೆ ಇಡುತ್ತಿದ್ದಳು. ಈ ಸೆಕೆಯಲ್ಲಿ ಚಳಿಗಾಲದ ದಪ್ಪ ಒಳಲಂಗ ಬೇರೆ. ಗೊಂಚಲು ಅವಳ ಸೊಂಟದಲ್ಲೇ ಇತ್ತು! ಮೈಮೇಲೆ ಬಚ್ಚಿಡುವಂತಿಲ್ಲ, ಅದು ದೇವರಿಗೆ ಮಾಡುವ ಮೋಸ. ನನ್ನ ಕೈ ತಾಳ ತಪ್ಪಿತು. ಅವಳು ನನ್ನತ್ತ ನೋಡಿದಳು. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಹೇಳಿಬಿಡಲೇ, ಬೇಡವೇ? ಹೇಳಿದರೆ ಗೆಳತಿ ಹಾಳಾಗುತ್ತಾಳೆ, ಹೇಳದಿದ್ದರೆ ಹುಡುಗಿ. ಹಾಳಾದ ಡೋಲನ್ನು ಬಾರಿಸುತ್ತಲೇ ಇದ್ದೆ.

ಅಷ್ಟರಲ್ಲಿ ಯೊನ್‌ಸಿಲ್ ಅಂಗಳದ ನಡುವೆ ಗಕ್ಕನೆ ನಿಂತಳು. ತಿರುಗಿ ಹೆಂಗಸರನ್ನು ಸರಿಸಿಕೊಂಡು ನೇರ ತಾಯಿಯ ಮುಂದೆ ಬಂದಳು. ಸೊಂಟ ನೋಡಿದಳು, ಆಮೇಲೆ ಮುಖ ನೋಡಿದಳು. ಕೈ ಎತ್ತಿದಳು ಕೂಡ. ಬೊಂಗ್‌ನ್ಯೊ ಬೇಡವೆಂದು ತಲೆಯಾಡಿಸಿದಳು. ಎಷ್ಟು ಸಣ್ಣಗೆ ಎಂದರೆ, ನಾನು ಹತ್ತಿರ ಕೂತಿರದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಹುಡುಗಿ ಕೈ ಇಳಿಸಿದಳು.

"ಸಿಗ್ಲಿಲ್ಲ," ಎಂದು ಜನರತ್ತ ತಿರುಗಿದಳು. "ನಂಗ್ಯಾವ ದೇವ್ರೂ ಬಂದಿಲ್ಲ. ಎಲ್ಲಾ ಮನೆಗೆ ಹೋಗಿ."

ಅಷ್ಟು ಹೇಳಿ ಜಗಲಿಯವರೆಗೂ ನಡೆಯಲಾರದೆ ಅಲ್ಲೇ ಚಾಪೆಯ ಮೇಲೆ ಕುಸಿದಳು. ಹಲ್ಲು ಕಟಕಟ ಎನ್ನುತ್ತಿತ್ತು. ರೇಡಿಯೋ ಹುಡುಗನ ತಾಯಿ ಉಸಿರು ಬಿಟ್ಟು, ಬೆಳಗಿನಿಂದ ಮುಟ್ಟದಿದ್ದ ಕಡುಬಿನ ತಟ್ಟೆಗೆ ಕೈ ಹಾಕಿದಳು.

ನಾನು ಬೊಂಗ್‌ನ್ಯೊಳ ಕಡೆ ಬಾಗಿ ಹೇಳಿದೆ: "ಗೆದ್ದೆಯಲ್ಲ, ನಗು ಮತ್ತೆ."

"ಅವಳಿಗೆ ಗೊತ್ತಾಯ್ತು ಕಣೇ."

"ಗೊತ್ತಾಯ್ತು."

"ಗೊತ್ತಿದ್ದೂ ಸುಮ್ನಾದ್ಳು. ನನ್ನ ಮಾನ ಉಳಿಸೋಕೆ ಸಾಯೋಕೆ ಹೊರಟಿದಾಳೆ, ಹುಚ್ಚಿ."

"ಡೋಲು ನಿಲ್ಲಿಸ್ಲಾ?"

"ನಿಲ್ಲಿಸಿದ್ರೆ ನಿನ್ನ ಕೈ ಮುರೀತೀನಿ."

ಅವಳು ಅಂಗಳದ ನಡುವೆ ಬಂದು, ಎಲ್ಲರ ಕಣ್ಣೆದುರು ಲಂಗದ ಲಾಡಿ ಬಿಚ್ಚಿದಳು. ಸೊಂಟದಿಂದ ಗೊಂಚಲು ಹೊರತೆಗೆದಳು. ಸದ್ದಾಗದಂತೆ ಒಂದೊಂದು ಗಂಟೆಯೊಳಗೂ ಹತ್ತಿ ತುರುಕಿದ್ದಳು. ಅದನ್ನು ಉಗುರಿನಿಂದ ಕಿತ್ತು ಕಿತ್ತು ಎಸೆದಳು.

"ಸುಳ್ಳು ಹೇಳಿದ್ದು ನನ್ನ ಮಗಳಲ್ಲ, ನಾನು," ಎಂದಳು. "ಅವಳು ಹುಡುಕಿದ್ಳು. ನಾನೇ ಬೇಡ ಅಂದೆ."

"ಅಯ್ಯಯ್ಯೋ, ಮನ್ಸಿನ್ನೇ ದೇವ್ರಿಗೆ ಟೋಪಿ ಹಾಕೋದಾ!" ಎಂದು ಒಲ್‌ಸುನ್ ಬಾಯಿ ಬಡಿದುಕೊಂಡಳು. ರೇಡಿಯೋ ಹುಡುಗನ ತಾಯಿ ಕಚ್ಚಿದ ಕಡುಬನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದಳು. ಇನ್ನು ಬೊಂಗ್‌ನ್ಯೊಳನ್ನು ಯಾವ ಮನೆಯವರೂ ಪೂಜೆಗೆ ಕರೆಯುವುದಿಲ್ಲ. ಹೊಟ್ಟೆಪಾಡೂ ಹೋಯಿತು, ಮದುವೆಯೂ ಹೋಯಿತು. ನನಗೆ ಅಳು ಉಕ್ಕಿ ಬಂತು. ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಬಂತು.

ಬೊಂಗ್‌ನ್ಯೊ ಗೊಂಚಲನ್ನು ಮಗಳ ಕೈಯಲ್ಲಿಟ್ಟಳು. ಹುಡುಗಿಯ ಕೈ ನಡುಗುತ್ತಿದ್ದುದರಿಂದ ಗಂಟೆಗಳು ತಾವಾಗಿಯೇ ಮೊಳಗಿದವು. ನಡುಕ ಮೈಯೆಲ್ಲ ಏರಿತು. ಒಣಕಡ್ಡಿಯಂಥ ಹುಡುಗಿ ಎದ್ದು ನಿಂತಳು, ನಾನು ಕಂಡರಿಯದಷ್ಟು ನೆಟ್ಟಗೆ.

ದೇವರು ಬಂದವರ ಮುಂದೆ ಯಾರೇ ಆದರೂ ಅಡ್ಡಬೀಳಬೇಕು. ಆದರೆ ಹೆತ್ತವರು ಮಕ್ಕಳಿಗೆ ಬಾಗುವುದು ನಮ್ಮಲ್ಲಿ ಮಕ್ಕಳ ಹೆಣದ ಮುಂದೆಯೂ ಇಲ್ಲ. ಬೊಂಗ್‌ನ್ಯೊ ಜಾರುತ್ತಿದ್ದ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಂಡಿಯೂರಿ, ಹಣೆಯನ್ನು ಚಾಪೆಗೆ ಹಚ್ಚಿದಳು.

"ಏಳಮ್ಮಾ," ಎಂದಳು ಯೊನ್‌ಸಿಲ್. "ನಂಗೆ ಅಡ್ಡಬೀಳ್ಬೇಡ. ನಾನಮ್ಮಾ, ಯೊನ್‌ಸಿಲ್."

ಬೊಂಗ್‌ನ್ಯೊ ಎದ್ದಳು, ಕಟ್ಟಳೆಯ ಪ್ರಕಾರ ಎರಡನೆಯ ಸಲ ಅಡ್ಡಬೀಳಲು. ಹುಡುಗಿ ಗಂಟೆ ಅಲ್ಲಾಡಿಸುತ್ತಲೇ ಎಳೆಗರುವಿನಂತೆ ಅಮ್ಮಾ ಎಂದು ಅಳತೊಡಗಿದಳು. ಅಳುತ್ತಿರುವುದು ದೇವರಲ್ಲ, ಮಗಳೆಂದು ಜನಕ್ಕೆ ಕೇಳಬಾರದೆಂದು ನಾನು ಇದ್ದಬದ್ದ ಬಲವೆಲ್ಲ ಹಾಕಿ ಡೋಲು ಬಾರಿಸಿದೆ.