ವಸಂತಮ್ಮನ ಕೊನೆಯ ಡ್ಯೂಟಿ

"ಇವತ್ತೊಂದಿನ ನನ್ನ ಹೆಸರು ಹೇಳ್ಕೊಂಡ್ಬುಡ್ತೀನಿ ಸಾರ್, ಅಷ್ಟೇ," ಎಂದರು ವಸಂತಮ್ಮ.

ರೇಡಿಯೋ ನಿಲಯದ ಮುಖ್ಯಸ್ಥ ಚಿಕ್ಕಬಸವಯ್ಯ ಮೇಜಿನ ಮೇಲಿದ್ದ ಆದೇಶವನ್ನು ಮತ್ತೊಮ್ಮೆ ನೋಡಿದರು. ನಾಳೆಯಿಂದ ಬೆಳಗಿನ ಪ್ರಸಾರ ಬೆಂಗಳೂರಿನದೇ. ವಸಂತಮ್ಮನಂಥ ಹಂಗಾಮಿ ಉದ್ಘೋಷಕರ ಡ್ಯೂಟಿ ಇಂದಿಗೆ ಮುಗಿಯಿತು, ಬೀಳ್ಕೊಡುಗೆಯ ಮಾತು ಪ್ರಸಾರವಾಗಕೂಡದು. ಹಂಗಾಮಿಯವರು ಹೆಸರು ಹೇಳಬಾರದೆಂಬುದಂತೂ ನಿಲಯದ ಹಳೆಯ ಕಟ್ಟಳೆ. ಹೆಸರಾದರೆ ಕಾಯಂ ಕೆಲಸ ಕೇಳುತ್ತಾರೆ ಎಂಬ ಭಯವಂತೆ. ಕಟ್ಟಳೆ ಮಾಡಿದ ಪುಣ್ಯಾತ್ಮ ಯಾರೆಂದು ಮಾತ್ರ ಯಾರಿಗೂ ನೆನಪಿಲ್ಲ.

"ನನ್ನ ರಿಟೈರ್ಮೆಂಟಿಗೆ ಇನ್ನೊಂದೇ ತಿಂಗಳು ಕಣಮ್ಮ. ಈಗ ಮೆಮೋ ಬಂದ್ರೆ ಪೆನ್ಷನ್ ಕಾಗದ ಅಲ್ಲೇ ನಿಂತ್ಬುಡುತ್ತೆ."

"ನಮ್ಮ ಮಂಡಿ ಮೊಹಲ್ಲಾದ ಅಂಗಡೀಲಿ ಸಾಮಾನು ಕೇಳಿದ್ರೆ, 'ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ' ಅಂತಾರೆ. ರೇಡಿಯೋದಲ್ಲಿ ಅಂದ್ರೆ ನಗ್ತಾರೆ ಸಾರ್."

ಚಿಕ್ಕಬಸವಯ್ಯನವರಿಗೆ ನಾಚಿಕೆಯಾಯಿತು. ಆದರೂ ಆಗೋದಿಲ್ಲ ಎಂದರು. ಈ ಕುರ್ಚಿಗೆ ಬಂದ ಮೇಲೆ ಅವರು ಚೆನ್ನಾಗಿ ಕಲಿತ ಮಾತು ಅದೊಂದೇ. ವಸಂತಮ್ಮ ತಲೆಯಾಡಿಸಿ ಸ್ಟುಡಿಯೋಗೆ ಹೋದರು.

ಚಿಕ್ಕಬಸವಯ್ಯನವರೂ ಒಂದು ಕಾಲಕ್ಕೆ ಉದ್ಘೋಷಕರೇ. ಪ್ರತಿ ಬಡ್ತಿಯೂ ಮೈಕಿನಿಂದ ಒಂದೊಂದು ಕೋಣೆ ದೂರ ತಳ್ಳಿ, ಕೊನೆಗೆ ಈ ಫೈಲುಗಳ ನಡುವೆ ತಂದು ಕೂರಿಸಿತ್ತು. ದಟ್ಟಗಳ್ಳಿಯ ಮನೆಯಲ್ಲಿ ತಾಯಿ ಸಾಕಮ್ಮ ಇಂದಿಗೂ ದಿನಾ ರೇಡಿಯೋ ಹಾಕುತ್ತಾಳೆ. "ದೊಡ್ ಸಾಯೇಬ ಆದೆ ಅಂತೀಯ, ಒಂದ್ ಮಾತೂ ಬರಕಿಲ್ವಲ್ಲ ಮಗ. ಬಡ್ತಿ ಕೊಟ್ಟು ಬಾಯಿ ಮುಚ್ಚಿಸ್ಬುಟ್ರಾ?" ಎಂದು ಕೇಳುತ್ತಾಳೆ. ಅವರು ನಗುತ್ತಾರೆ. ಇತ್ತೀಚೆಗೆ ನಗುವುದಕ್ಕೂ ದಣಿವು.

ಕೂರಲಾಗದೆ ಎದ್ದು ಹೋದರು. ಸ್ಟುಡಿಯೋದ ಗಾಜಿನಾಚೆ ವಸಂತಮ್ಮ ಎಂದಿನಂತೆಯೇ ಹೇಳುತ್ತಿದ್ದರು: "ಇಲ್ಲಿಗೆ ನಮ್ಮ ಬೆಳಗಿನ ಪ್ರಸಾರ ಮುಕ್ತಾಯವಾಯಿತು. ನಮಸ್ಕಾರ." ಹೆಸರಿಲ್ಲ. ಹೇಳಿದ ಮಾತು ಕೇಳುವ ಹೆಂಗಸು. ಮೈಕು ಮುಚ್ಚಿ, ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು.

ಚಿಕ್ಕಬಸವಯ್ಯ ಬಾಗಿಲು ತಳ್ಳಿ ಒಳಗೆ ಹೋದರು. ಪ್ರಸಾರ ನಿಲ್ಲಿಸಬೇಡ ಎಂದು ಗಾಜಿನಾಚೆಯ ಇಂಜಿನಿಯರ್ ಹರೀಶನಿಗೆ ಕೈಸನ್ನೆ ಮಾಡಿದರು. ಅದೇ ಕುರ್ಚಿಯಲ್ಲಿ ಕೂತು ಮೈಕು ತೆರೆದರು. ಕೆಂಪು ದೀಪ ಹತ್ತಿತು.

"ಇಪ್ಪತ್ತೆರಡು ವರ್ಷ ನಿಮಗೆ ಶುಭೋದಯ ಹೇಳಿದವರ ಹೆಸರು ವಸಂತಮ್ಮ," ಎಂದರು. "ಮಂಡಿ ಮೊಹಲ್ಲಾದ ವಸಂತಮ್ಮ."

ಹರೀಶ ತಲೆಯ ಮೇಲೆ ಕೈ ಹೊತ್ತ. ವಸಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಮೈಕು ತೆರೆದಿತ್ತಲ್ಲ, ಒಂದಿಷ್ಟೂ ಸದ್ದು ಮಾಡಲಿಲ್ಲ.

ಮಧ್ಯಾಹ್ನದೊಳಗೆ ಚಿಕ್ಕಬಸವಯ್ಯನವರಿಗೆ ಮೆಮೋ ಬಂತು. ಲಿಖಿತ ವಿವರಣೆ ಕೊಡಬೇಕು. ಅಲ್ಲಿಯವರೆಗೆ ಪೆನ್ಷನ್ ಕಡತ ಮುಂದಕ್ಕೆ ಹೋಗದು.

ಮರುದಿನ ಬೆಳಗ್ಗೆ ಅವರು ಮನೆಯ ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ವಿವರಣೆಯ ಹಾಳೆ ಇನ್ನೂ ಖಾಲಿ. ಸಾಕಮ್ಮ ರೇಡಿಯೋ ಹಾಕಿದಳು. ಬೆಂಗಳೂರಿನ ಹೊಸ ದನಿ ಶುಭೋದಯ ಹೇಳಿ, ಬೆನ್ನಿಗೇ ತನ್ನ ಹೆಸರನ್ನೂ ಹೇಳಿತು.

ಸಾಕಮ್ಮ ಕಿವಿಗೊಟ್ಟು ಕೇಳಿದಳು. ರೇಡಿಯೋದ ಮುಳ್ಳನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

"ಇದ್ಯಾರ್ಲಾ ಇವ್ಳು?" ಎಂದಳು. "ವಸಂತಮ್ಮ ಬರ್ನಿಲ್ವಾ ಇವತ್ತು?"

ಚಿಕ್ಕಬಸವಯ್ಯ ಕಾಫಿ ಲೋಟವನ್ನು ಕೆಳಗಿಟ್ಟು, ತಾಯಿಯ ಕೈಯಿಂದ ರೇಡಿಯೋ ತೆಗೆದುಕೊಂಡು, ತಾವೂ ಮುಳ್ಳನ್ನು ಮೆಲ್ಲಗೆ ತಿರುಗಿಸತೊಡಗಿದರು.