ಟ್ಯಾಂಕಿನ ಮೇಲಿನ ಕ್ಲಿಪ್ಪು

ನನ್ನ ಹಲಗೆಯ ಮೇಲೆ ನನ್ನ ನಾದಿನಿ ಮಲಗಿದ್ದಳು. ಕಾರಿನಡಿಗೆ ಜಾರಿಕೊಂಡು ಹೋಗಲು ನಮ್ಮ ಗ್ಯಾರೇಜಿನಲ್ಲಿ ಗಾಲಿ ಹಾಕಿದ ಹಲಗೆಗಳು ಎರಡೇ ಇವೆ, ಒಂದು ನಮ್ಮ ಮನೆಯವರದ್ದು, ಇನ್ನೊಂದು ನನ್ನದು. ನನ್ನದಕ್ಕೆ ತಲೆಯ ಕಡೆ ಹಳೇ ಸ್ವೆಟರ್ ಮಡಚಿ ನಾನೇ ದಿಂಬು ಹೊಲಿದಿದ್ದೇನೆ. ಆ ದಿಂಬಿನ ಮೇಲೆ ಅವಳ ಜಡೆ. ನೋಡಿದ ಕೂಡಲೇ ಮೈಯೆಲ್ಲ ಉರಿಯಿತು. ಒಂದು ಮಾತು ಕೇಳಿ ತೆಗೆದುಕೊಂಡಿದ್ದರೆ ಬೇಡ ಅನ್ನುತ್ತಿದ್ದೆನೇ? ಅನ್ನುತ್ತಿದ್ದೆ. ಅದು ಬೇರೆ ವಿಷಯ.

ಕಾರು ಹಲ್ಲಿನ ಡಾಕ್ಟರದ್ದು. ನಮ್ಮ ಮದುವೆಗಿಂತ ಹಳೆಯದು, ನಮ್ಮಿಬ್ಬರಿಗಿಂತ ಚೆನ್ನಾಗಿ ಓಡುತ್ತದೆ. ಈಗ ಮಾತ್ರ ನಿಂತ ಕಡೆಯಲ್ಲೆಲ್ಲ ಪೆಟ್ರೋಲು ವಾಸನೆ. ಟ್ಯಾಂಕಿನಿಂದ ಹೊರಡುವ ರಬ್ಬರ್ ಪೈಪು ಟ್ಯಾಂಕಿಗೂ ಅದರ ಮೇಲಿನ ತಗಡಿಗೂ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಟ್ಯಾಂಕು ಕೆಳಗಿಳಿಸಿದರೆ ಕೆಲಸ ಸಲೀಸು. ಆದರೆ ಅದನ್ನು ಹಿಡಿದಿರುವ ಪಟ್ಟಿಗಳ ಬೋಲ್ಟುಗಳು ತುಕ್ಕು ಹಿಡಿದು ಕೂತಿವೆ. ತಿರುಗಿಸಿದರೆ ಪಟ್ಟಿಯೇ ಮುರಿಯುತ್ತದೆ, ಮುರಿದರೆ ಆ ಕಾರಿಗೆ ಬೇರೆ ಪಟ್ಟಿ ಈಗ ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿ ಉಳಿದದ್ದು ಒಂದೇ ದಾರಿ. ಟ್ಯಾಂಕು ಖಾಲಿ ಮಾಡಿ, ಚಕ್ರ ಬಿಚ್ಚಿ, ಆ ಸಂದಿಯಿಂದ ಕೈ ತೂರಿಸಿ, ಪೈಪು ಹಿಡಿದಿರುವ ಕ್ಲಿಪ್ಪಿನ ಸ್ಕ್ರೂ ಎಲ್ಲಿದೆ ಎಂದು ಬೆರಳಿನಲ್ಲೇ ಹುಡುಕಿ ಬಿಚ್ಚಬೇಕು.

ಆ ಕೈ ಇಷ್ಟು ವರ್ಷ ನನ್ನದಾಗಿತ್ತು. ಇವರ ಕೈ ಮೊರದಷ್ಟು ಅಗಲ, ಸಂದಿಗೊಂದಿಗೆ ಹೋಗುವುದಲ್ಲ. ನಾನು ಕೈ ಹಾಕಿ, ಒಳಗೆ ಬೆರಳಿಗೆ ಏನೇನು ತಗಲುತ್ತದೆ ಎಂದು ಹೇಳುತ್ತಾ ಹೋಗಬೇಕು. ಇವರು ಪಕ್ಕದ ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೇಳಿ, ಮುಂದೇನು ಮಾಡಬೇಕೆಂದು ಹೇಳಬೇಕು. ನಮ್ಮ ಕೆಲಸದ ರೀತಿಯೇ ಅದು. ಮದುವೆಯಾದ ಹೊಸದರಲ್ಲಿ ಇವರು ನನಗೆ ಇಟ್ಟ ಹೆಸರು ಚಿಮಟ. ಬೇರೆ ಗಂಡಂದಿರು ಹೆಂಡತಿಯರನ್ನು ಏನೇನೋ ಮುದ್ದಾಗಿ ಕರೆಯುತ್ತಾರಂತೆ. ಕಾರಿನಡಿಯಿಂದ "ಚಿಮಟಾ, ಬಾರೇ" ಎಂದು ಕೂಗಿದರೆ ನನಗೆ ಅಷ್ಟೇ ಸಾಕಾಗುತ್ತಿತ್ತು.

ಈಚೆಗೆ ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಬೆಳಗ್ಗೆ ಚಕ್ರದ ಸಂದಿಯಲ್ಲಿ ಕೈ ಹಾಕಿದೆ, ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಸೋಪು ಹಚ್ಚಿ ನೋಡಿದೆ. ಚರ್ಮ ಕಿತ್ತು ಬಂತೇ ಹೊರತು ಕೈ ಮುಂದೆ ಹೋಗಲಿಲ್ಲ. ಹಿಂದೆ ಬಂಪರಿನ ಕಡೆ ಇನ್ನೊಂದು ಸಂದಿಯಿದೆ, ಸ್ವಲ್ಪ ಅಗಲ, ಆದರೆ ನನ್ನಂಥ ಉದ್ದ ಕೈಗಷ್ಟೇ ಎಟುಕುವಷ್ಟು ದೂರ. ಅಲ್ಲಿಂದ ಕೈಯೇನೋ ಹೋಯಿತು, ಆದರೆ ಬೆರಳಿಗೆ ಸಿಕ್ಕಿದ್ದು ಕ್ಲಿಪ್ಪಿನ ಬೆನ್ನು. ಸ್ಕ್ರೂ ಇದ್ದದ್ದು ಆಚೆ ಬದಿಯಲ್ಲಿ.

"ಬಿಡು, ಕೈ ನೋಯಿಸ್ಕೋಬೇಡ. ಅವಳನ್ನ ಕರಿ" ಎಂದರು ಇವರು.

ಅವಳು ಅಂದರೆ ಇವರ ತಂಗಿ. ಕೆಲಸ ಮಾಡುತ್ತಿದ್ದ ಗಡಿಯಾರದಂಗಡಿ ಮುಚ್ಚಿದ ಮೇಲೆ ನಮ್ಮಲ್ಲಿ ಬಂದು ಇದ್ದಾಳೆ. ಕೆಲಸಕ್ಕೆ ಚುರುಕು, ನಾಲಿಗೆ ಮೆದು, ಬೆರಳುಗಳೋ ಹುರುಳಿಕಾಯಿಯ ಹಾಗೆ. ಬೈಯೋಣವೆಂದರೆ ಒಂದು ತಪ್ಪೂ ಮಾಡುವುದಿಲ್ಲ, ಅದೇ ಅವಳ ದೊಡ್ಡ ತಪ್ಪು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಇವರು ಹೇಳಿದ್ದರು, "ಡಾಕ್ಟರ ಕಾರು ಇವಳ ಕೈಲಿ ಆದ್ರೆ ಇನ್ಮೇಲೆ ಒಳಗಿನ ಕೆಲಸ ಇವಳೇ ಮಾಡ್ಲಿ. ನೀನು ಕೌಂಟರ್ ನೋಡ್ಕೋ. ನಿನಗೂ ಆರಾಮ." ಆರಾಮವಂತೆ. ಕೌಂಟರಿನಲ್ಲಿ ಕೂತು, ಇವರಿಬ್ಬರ ಕಾಲು ಮಾತ್ರ ಕಾರಿನಡಿಯಿಂದ ಹೊರಗೆ ಚಾಚಿರುವುದನ್ನು ದಿನವೆಲ್ಲ ನೋಡುವುದು ಯಾವ ಆರಾಮ?

ಆ ಕಾಲುಗಳನ್ನೇ ನೋಡುತ್ತ ನಿಂತಿದ್ದೆ.

"ಏನು ತಗಲ್ತಿದೆ?" ಇವರ ದನಿ. ನನ್ನನ್ನು ಕೇಳುತ್ತಿದ್ದಷ್ಟೇ ಮೆಲ್ಲಗೆ.

"ಒರಟಾಗಿ ಏನೋ ಇದೆ ಅಣ್ಣ. ಆಮೇಲೆ ನುಣ್ಣಗೆ. ಇದು ಪೈಪು. ಹಾಂ, ಕ್ಲಿಪ್ಪು ಸಿಕ್ತು. ಯಾರೋ ಪುಣ್ಯಾತ್ಮರು ಸ್ಕ್ರೂ ತಲೆನ ನನ್ನ ಕಡೆಗೇ ತಿರುಗಿಸಿ ಇಟ್ಟಿದ್ದಾರೆ."

ಆ ಪುಣ್ಯಾತ್ಮರು ನಾನೇ. ಇದೇ ಕಾರಿಗೆ ಹಿಂದಿನ ಸಲ ಪೈಪು ಹಾಕಿದವಳು ನಾನು, ಮುಂದಿನ ಸಲ ಸುಲಭವಾಗಲಿ ಎಂದು ತಲೆಯನ್ನು ಚಕ್ರದ ಕಡೆ ತಿರುಗಿಸಿದವಳೂ ನಾನು. ನನಗೆ ಸುಲಭವಾಗಲಿ ಎಂದು ಮಾಡಿದ್ದೆ. ಇವಳಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಯಿತು.

"ಬಿಚ್ಚಿ ಬಂತು" ಎಂದಳು ಅವಳು. ತುದಿಯಲ್ಲಿ ಉಳಿದಿದ್ದ ಪೆಟ್ರೋಲು ತಟ್ಟೆಗೆ ತೊಟ್ಟಿಕ್ಕಿತು.

"ಭಲೇ ಚಿಮಟ" ಎಂದರು ಇವರು.

ನನ್ನ ಕೈಯಲ್ಲಿದ್ದ ಪಾನಾ ನೆಲಕ್ಕೆ ಬಿತ್ತು. ಬಿತ್ತು ಎನ್ನುವುದು ಮರ್ಯಾದೆಯ ಮಾತು. ನಾನೇ ಎಸೆದೆ. ಬಾಯಿತಪ್ಪಿ ಬಂದ ಮಾತೆಂದು ನನಗೂ ಗೊತ್ತು. ಅಷ್ಟು ಸಲೀಸಾಗಿ ಬಾಯಿ ತಪ್ಪಿತಲ್ಲ ಎಂದೇ ಹೊಟ್ಟೆ ಉರಿದದ್ದು. ಕಣ್ಣಲ್ಲಿ ನೀರು ಬಂತು. ಪೆಟ್ರೋಲಿನ ಘಾಟು ಎಂದು ಸೆರಗಿನಲ್ಲಿ ಒರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ನಾದಿನಿ ತಲೆ ಹೊರಗೆ ಹಾಕಿದಳು. ಹೊಸ ಪೈಪು ಮೇಲೆ ಕೂತಿತ್ತು, ಹೊಸ ಕ್ಲಿಪ್ಪು ಬಿಗಿಯುವುದು ಬಾಕಿ.

"ಅತ್ತಿಗೆ, ಸ್ಕ್ರೂ ತಲೆ ಯಾವ ಕಡೆಗೆ ಇಡ್ಲಿ? ಮೊದಲು ಇದ್ದ ಹಾಗೇನಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ನನ್ನ ದಿಂಬಿನ ಮೇಲಿನ ಜಡೆ ಕಾಣಿಸಿತು.

"ಬೇಡ. ಹಿಂದಕ್ಕೆ ತಿರುಗಿಸು. ಬಂಪರ್ ಕಡೆಗೆ."

"ಹಾಗಿಟ್ರೆ ನಾನು ಬಿಗಿ ಮಾಡೋಕಾಗಲ್ವಲ್ಲ? ಹಿಂದಿನಿಂದ ನನ್ನ ಗಿಡ್ಡ ಕೈ ಅಲ್ಲಿಗೆ ಎಟುಕಲ್ಲ."

"ನೀನು ಪೈಪು ಗಟ್ಟಿಯಾಗಿ ಹಿಡ್ಕೋ. ಬಿಗಿ ಮಾಡೋಕೆ ನಾನಿದ್ದೀನಿ."

ಅವಳು ಅಣ್ಣನ ಕಡೆ ನೋಡಿದಳು. ಕಾರಿನಡಿಯಿಂದ ಇವರು ಒಂದು ಸಲ ಕೆಮ್ಮಿದರು. ನಗು ಬಂದರೆ ಇವರು ಕೆಮ್ಮುತ್ತಾರೆ. "ನಿಮ್ಮತ್ತಿಗೆ ಹೇಳಿದ ಹಾಗೇ ಇಡು" ಎಂದರು.

ಹಲಗೆ ಇಲ್ಲದೆ ಬರಿ ನೆಲದ ಮೇಲೇ ಮಲಗಿ ಹಿಂದಿನಿಂದ ಕೈ ಹಾಕಿದೆ. ಗೆಣ್ಣು ಉಜ್ಜಿತು, ಹಲ್ಲು ಕಚ್ಚಿದೆ, ಒಳಗೆ ಹೋಯಿತು. ಮೊದಲು ಸಿಕ್ಕಿದ್ದು ಅವಳ ಬೆರಳು. ತಣ್ಣಗಿತ್ತು, ನಾನು ಹೇಳಿದ ಹಾಗೇ ಪೈಪನ್ನು ಗಟ್ಟಿಯಾಗಿ ಹಿಡಿದಿತ್ತು. ಅಯ್ಯೋ ಅನ್ನಿಸಿತು. ಅನ್ನಿಸಿದ್ದು ಒಂದು ಗಳಿಗೆ, ಅಷ್ಟೇ. ಅವಳ ಬೆರಳು ದಾಟಿ ಸ್ಕ್ರೂ ತಲೆ ಹುಡುಕಿ ಗಿಡ್ಡ ಸ್ಕ್ರೂಡ್ರೈವರ್ ಕೂರಿಸಿದೆ.

"ಏನು ತಗಲ್ತಿದೆ?" ಎಂದರು ಇವರು. ಅವರು ಕಣ್ಣು ಮುಚ್ಚಿದ್ದಾರೆಂದು ನೋಡದೆಯೇ ಗೊತ್ತಾಯಿತು.

"ಕ್ಲಿಪ್ಪು ಹಲ್ಲು ಹಿಡೀತು. ಇನ್ನರ್ಧ ಸುತ್ತು ಹೋಗುತ್ತೆ."

"ಕಾಲು ಸುತ್ತು ಸಾಕು."

ಕಾಲು ಸುತ್ತು ತಿರುಗಿಸಿ ಕೈ ಹೊರಗೆಳೆದೆ. ಚರ್ಮ ಎರಡು ಕಡೆ ಸುಲಿದಿತ್ತು. ಆ ಕ್ಲಿಪ್ಪು ಈಗ ನನ್ನ ಉದ್ದ ಕೈಗೇ ಹೊರತು ಹುರುಳಿಕಾಯಿ ಬೆರಳಿಗೆ ಬಗ್ಗುವುದಿಲ್ಲ. ಈ ಕಾರು ಮತ್ತೆ ಸೋರಿದ ದಿನ ಕೌಂಟರಿನಿಂದ ನನ್ನನ್ನು ಕರೆಯಲೇಬೇಕು.

ಸಂಜೆ ಪೆಟ್ರೋಲು ತುಂಬಿಸಿ, ಎಂಜಿನ್ ಓಡಿಸಿ, ಕೆಳಗೆ ಕಾಗದ ಹಾಸಿ ನೋಡಿದೆವು. ಒಂದು ಹನಿಯೂ ಇಲ್ಲ. ಹಲ್ಲಿನ ಡಾಕ್ಟರು ಬಗ್ಗಿ ಮೂಸಿ ನೋಡಿ ಖುಷಿಪಟ್ಟರು.

ಇವರು ಬಾನೆಟ್ಟಿನ ಮೇಲೆ ತಟ್ಟಿ ಹೇಳಿದರು, "ಆರಾಮಾಗಿ ಹೋಗಿ ಬನ್ನಿ ಡಾಕ್ಟ್ರೇ. ಇನ್ನು ಹತ್ತು ವರ್ಷ ಆ ಪೈಪಿಗೆ ಯಾರೂ ಕೈ ಹಾಕೋ ಅಗತ್ಯ ಇಲ್ಲ."