ಮಾಡದ ಫೋನು

ಸೆಟೆದುಕೊಂಡಿದ್ದ ಅಪ್ಪನ ಎಡಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಚಿಕ್ಕಪ್ಪ ಮೊಣಕೈ ಮಡಚಲು ನೋಡಿದ, ಭುಜ ಎತ್ತಲು ನೋಡಿದ, ಕೊನೆಗೆ ಬೆವರೊರೆಸಿಕೊಂಡು ಅತ್ತಿಗೆಯ ಮುಖ ನೋಡಿದ.

"ಬೆನ್ನ ಹಿಂದೆ ಕತ್ತರಿಸಿಬಿಡೋಣ ಅತ್ತಿಗೆ. ಎಲ್ಲಾ ಕಡೆ ಹಾಗೇ ಮಾಡ್ತಾರೆ. ಮುಂದಿನಿಂದ ಗೊತ್ತಾಗಲ್ಲ."

"ಹೊಸ ಅಂಗಿ. ಒಂದ್ಸಲನೂ ಹಾಕ್ಕೊಂಡಿಲ್ಲ ಅವರು," ಎಂದಳು ಅಮ್ಮ.

ಇನ್ನು ಯಾವಾಗ ಹಾಕ್ಕೊಳ್ತಾನೆ ಎಂದು ಬಾಯಿಗೆ ಬಂದದ್ದನ್ನು ಚಿಕ್ಕಪ್ಪ ನುಂಗಿಕೊಂಡ. ಮಗಳು ಕತ್ತರಿ ತಂದಳು. ಬಟ್ಟೆ ಕತ್ತರಿಸುತ್ತಿದ್ದಾಗ ಅವಳ ಕಣ್ಣು ಅಪ್ಪನ ಮೊಣಕೈಯ ಒಳಬದಿಗೆ ಹೋಯಿತು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಸೂಜಿ ಚುಚ್ಚಿಸಿಕೊಂಡು ಅಲ್ಲಿನ ಚರ್ಮ ಗಟ್ಟಿಯಾಗಿ, ಸಣ್ಣ ಕುಳಿ ಬಿದ್ದಿತ್ತು. ಕುಳಿಯ ನಡುವೆ ಇನ್ನೂ ಮಾಸದ ಒಂದು ಕೆಂಪು ಚುಕ್ಕೆ. ಭಾನುವಾರದ್ದು. ಅವಳು ಗಡಿಬಿಡಿಯಿಂದ ತೋಳನ್ನು ಎಳೆದು ಮುಚ್ಚಿದಳು. ಯಾಕೆಂದು ಆ ಹೊತ್ತಿಗೆ ಅವಳಿಗೇ ತಿಳಿಯಲಿಲ್ಲ.

ಅಪ್ಪನದು ಗಾಜಿನ ಕೆಲಸ. ರಸ್ತೆಯ ತಿರುವಿನಲ್ಲಿ ಒಂದು ಬಾಗಿಲಿನ ಅಂಗಡಿ. ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿ ಕತ್ತರಿಸುವುದು, ಫೋಟೋಗೆ ಕಟ್ಟು ಹಾಕುವುದು. ಕೈಗೆ ಗಾಯವಾಗದ ದಿನವಿಲ್ಲ, ಅದನ್ನು ಲೆಕ್ಕಕ್ಕಿಟ್ಟುಕೊಂಡ ದಿನವೂ ಇಲ್ಲ. ಕೊನೆಗೆ ಕೊಂದದ್ದು ಹಿಮ್ಮಡಿಗೆ ಹೊಕ್ಕಿದ್ದ ಒಂದು ಚೂರು. ಅಂಗಡಿಯಲ್ಲಿ ಬರಿಗಾಲಲ್ಲೇ ಓಡಾಡಿ ಚಪ್ಪಲಿಯಷ್ಟೇ ದಪ್ಪವಾಗಿದ್ದ ಅಂಗಾಲಿಗೆ ಅದು ಹೊಕ್ಕದ್ದೇ ಗೊತ್ತಾಗಿರಲಿಲ್ಲ. ನಂಜು ರಕ್ತಕ್ಕೆ ಸೇರಿದೆ, ಇನ್ನೂ ಮೊದಲೇ ಕರೆತರಬೇಕಿತ್ತು ಎಂದಿದ್ದರು ಡಾಕ್ಟರು. ಈ ದಿನ ಬೆಳಗಿನ ಜಾವ ಎಲ್ಲ ಮುಗಿದಿತ್ತು.

ಹೊರಗಿನ ಕೋಣೆಯಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಜನ ಕೂತಿದ್ದರು. ಪಕ್ಕದಂಗಡಿಯ ಸೈಕಲ್ ರಿಪೇರಿಯವನು ಅತ್ತು ಅತ್ತು ಮೂಗು ಕೆಂಪಾಗಿಸಿಕೊಂಡಿದ್ದ. ಆದರೂ ಅವನ ಬಾಯಿ ಸುಮ್ಮನಿರುವ ಬಾಯಲ್ಲ.

"ಒಂದ್ಸಲ ಇವನ ತೋಳ ಮೇಲೆ ಸೊಳ್ಳೆ ಕೂತಿತ್ತು. ಹೊಡೆಯೋಕೆ ಕೈ ಎತ್ತಿದ್ರೆ, ಬಿಡಪ್ಪ, ಅದಕ್ಕೂ ನಂದೇ ಬ್ಲಡ್ ಗ್ರೂಪ್ ಬೇಕಿತ್ತೇನೋ ಅಂದ!"

ನಾಲ್ಕಾರು ಜನ ನಕ್ಕರು. ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು.

"ನಗೋ ಮಾತಲ್ಲ ಇದು," ಎಂದಳು ಎದುರು ಮನೆಯ ಹೆಂಗಸು. "ರಕ್ತ ಕೊಟ್ಟು ಕೊಟ್ಟು ಮೈ ಖಾಲಿ ಮಾಡ್ಕೊಂಡ್ರು. ಇಲ್ದಿದ್ರೆ ಗಟ್ಟಿಮುಟ್ಟಾದ ಆಳು ಎರಡು ದಿನದ ಜ್ವರಕ್ಕೆ ಹೋಗ್ತಾರಾ?"

"ಹಾಗಲ್ಲಮ್ಮ." ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ ನರೆಗೂದಲಿನ ಗಿಡ್ಡ ಆಸಾಮಿ ಬಾಯಿ ಹಾಕಿದ. "ಕೊಟ್ಟದ್ದನ್ನ ಮೈ ಮತ್ತೆ ತುಂಬಿಕೊಳ್ಳುತ್ತೆ. ಅದರಿಂದ ಯಾರೂ ಸಾಯಲ್ಲ. ನಾನು ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡೋನು."

ಅಪ್ಪ ಮನೆಯಲ್ಲಿ ಎಷ್ಟೋ ಸಲ ಹೇಳುತ್ತಿದ್ದ 'ಸೂಜಿ ಅಣ್ಣ' ಇವನೇ ಎಂದು ಮಗಳಿಗೆ ಗೊತ್ತಾಯಿತು. ಅವನು ಒಳಗೆ ಬಂದು ಅಪ್ಪನ ಕಾಲ ಬಳಿ ನಿಂತ. ಹೆಲ್ಮೆಟ್ ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಸೋಮವಾರದಿಂದ ರಜೆಯಲ್ಲಿದ್ದೆ, ಈಗಷ್ಟೇ ಸುದ್ದಿ ಸಿಕ್ತು," ಎಂದ ಅಮ್ಮನಿಗೆ. "ಭಾನುವಾರ ನಾನೇ ತಗೊಂಡದ್ದು. ಮಾತಾಡ್ತಾ ಆಡ್ತಾ ನಂಗೇ ಬಿಸ್ಕತ್ತು ತಿನ್ನಿಸಿ ಹೋದ್ರು. ಈ ತಿಂಗಳು ಜನವೇ ಇಲ್ಲಮ್ಮ, ನಮ್ಮ ಫ್ರಿಜ್ಜು ಖಾಲಿ ಹೊಡೀತಿದೆ. ಹೋಗುವಾಗಲೂ ಕೊಟ್ಟೇ ಹೋದ್ರು ನೋಡಿ. ಬೆಳಿಗ್ಗೆ ಬ್ಯಾಂಕಿನಲ್ಲಿರೋ ನಮ್ಮ ಹುಡುಗಿ ಫೋನಲ್ಲಿ ಹೇಳಿದ್ಲು, ಅವರ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇವತ್ತು ಒಂದು ಮಗುವಿಗೆ ಹೋಗ್ತಿದೆಯಂತೆ. ನಿಮಗೆ ಹೇಳೋಣ ಅಂತಲೇ ಬಂದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಬೆಳಗಿನಿಂದ ಅವಳಿಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದ್ದರೆ ಅದು ಇದೊಂದೇ.

"ಹೃದಯಾಘಾತನಾ?" ಎಂದು ಅವನು ಮೆಲ್ಲಗೆ ಕೇಳಿದ.

"ಅಲ್ಲ, ನಂಜು," ಎಂದ ಚಿಕ್ಕಪ್ಪ. "ಸೋಮವಾರ ರಾತ್ರಿ ಚಳಿಜ್ವರ ಶುರುವಾಯ್ತು."

ಸೂಜಿ ಅಣ್ಣನ ಮುಖ ಬಿಳಿಚಿಕೊಂಡಿತು. "ಸೋಮವಾರ? ಕೊಟ್ಟ ಮಾರನೇ ದಿನ? ನಮಗ್ಯಾರೂ ಹೇಳ್ಲೇ ಇಲ್ವಲ್ಲ. ಅವರು ಹೇಳದೇ ಇರೋರಲ್ಲ."

ಮಗಳ ಕೈಯಲ್ಲಿ ಇನ್ನೂ ಕತ್ತರಿ ಇತ್ತು.

*

ಮಂಗಳವಾರ ಬೆಳಿಗ್ಗೆ ಅವಳು ಆಫೀಸಿಗೆ ಹೊರಟು ನಿಂತಾಗ ಅಪ್ಪ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ.

"ಬ್ಲಡ್ ಬ್ಯಾಂಕಿಗೊಂದು ಫೋನ್ ಮಾಡು. ನಂಗೆ ಜ್ವರ ಬಂದಿದೆ ಅಂತ ಹೇಳು."

"ಅವರಿಗ್ಯಾಕಪ್ಪ ನಿನ್ನ ಜ್ವರದ ಸಮಾಚಾರ? ರಜಾ ಚೀಟಿ ಕೊಡ್ಬೇಕಾ?"

"ತಮಾಷೆ ಸಾಕು. ಕೊಟ್ಟ ಮೇಲೆ ಮೈ ಕೆಟ್ರೆ ಹೇಳ್ಬೇಕು ಅಂತ ಪ್ರತಿ ಸಲ ಹೇಳಿ ಕಳಿಸ್ತಾರೆ. ನಂದು ಯಾರಿಗೂ ಹಾಕ್ಬಾರ್ದು. ಈಗಲೇ ಮಾಡು."

"ಆಫೀಸಿಂದ ಮಾಡ್ತೀನಿ, ತಡ ಆಯ್ತು."

ಅವಳದು ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರು ಕೇಳುವ ಕೆಲಸ. ದಿನವಿಡೀ ಕಿವಿಗೆ ಫೋನು. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡು ಕಿರುಚುತ್ತಾರೆ. ಕಳಿಸಲು ಮೆಕ್ಯಾನಿಕ್ ಇಲ್ಲದಿದ್ದರೂ ಇವಳು ಬೆಣ್ಣೆಯಂಥ ದನಿಯಲ್ಲಿ, "ಆಗಲೇ ಹೇಳಿದ್ದೀವಿ ಸಾರ್, ನಮ್ಮವರು ಹೊರಟಿದ್ದಾರೆ," ಎನ್ನಬೇಕು. ಹಾಗೆಂದರೆ ಮನುಷ್ಯ ತಣ್ಣಗಾಗುತ್ತಾನೆ. ಅಷ್ಟರಲ್ಲಿ ಹೇಗೋ ಒಬ್ಬ ಮೆಕ್ಯಾನಿಕ್ ಸಿಗುತ್ತಾನೆ. ಆ ಕುರ್ಚಿಯಲ್ಲಿ ಕೂತ ಎಲ್ಲರೂ ಕಲಿಯುವ ವಿದ್ಯೆ ಅದು. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ಅವತ್ತು ಫೋನುಗಳು ಒಂದರ ಮೇಲೊಂದು ಬಂದವು. ಅಪ್ಪನ ಮಾತು ಮಧ್ಯಾಹ್ನ ಒಮ್ಮೆ ನೆನಪಾಯಿತು. ಊಟ ಮುಗಿಸಿ ಮಾಡಿದರಾಯಿತು ಎಂದುಕೊಂಡು ಮರೆತಳು. ಸಂಜೆ ಮನೆಗೆ ಬಂದರೆ ಅಪ್ಪನ ಮೈ ಕೆಂಡ. ಕಣ್ಣು ಬಿಟ್ಟವನೇ ಕೇಳಿದ, "ಹೇಳಿದ್ಯಾ?"

"ಆಗಲೇ ಹೇಳಿದ್ದೀನಪ್ಪ. ಅವರು ನೋಡ್ಕೊಳ್ತಾರೆ," ಎಂದಳು.

ಅದೇ ದನಿ. ಅಪ್ಪ ತಣ್ಣಗಾದ. "ಸದ್ಯ," ಎಂದು ಗೋಡೆ ಕಡೆ ತಿರುಗಿ ಮಲಗಿದ. ಅವನು ಅವಳೊಂದಿಗೆ ಎಚ್ಚರದಲ್ಲಿ ಆಡಿದ ಕಡೆಯ ಮಾತು ಅದೇ ಆಯಿತು.

*

"ಅಪ್ಪ ನಂಗೆ ಹೇಳಿದ್ರು," ಎಂದಳು ಮಗಳು. "ನಾನು ಫೋನ್ ಮಾಡ್ಲಿಲ್ಲ. ಮಾಡಿದ್ದೀನಿ ಅಂತ ಅವರಿಗೆ ಸುಳ್ಳು ಹೇಳ್ದೆ."

ಸೂಜಿ ಅಣ್ಣ ಆಗಲೇ ಫೋನ್ ಕಿವಿಗಿಟ್ಟುಕೊಂಡು ಹೊರಗೆ ಓಡಿದ್ದ. ಅವನ ಮಾತು ಅಂಗಳದಿಂದ ತುಂಡುತುಂಡಾಗಿ ಕೇಳಿಸಿತು. ಕೆಂಪು ಚೀಲ ಇನ್ನೂ ಫ್ರಿಜ್ಜಿನಲ್ಲೇ ಇದೆ, ಸರಿ, ಅದನ್ನ ತೆಗೆದು ಬೇರೆ ಇಡು. ಪ್ಲೇಟ್‌ಲೆಟ್? ಯಾವಾಗ ಕಳಿಸಿದೆ? ವಾರ್ಡಿಗೆ ಫೋನ್ ಹಚ್ಚು. ಎತ್ತದೇ ಇದ್ರೆ ಓಡಿ ಹೋಗು! ಒಬ್ಬಳೇ ಇದ್ರೆ ಬೀಗ ಹಾಕಿ ಓಡು! ಏನು? ಕೀಲಿ ನನ್ನ ಹತ್ರ ಎಲ್ಲಿದೆ?

ಅವನು ಸ್ಕೂಟರ್ ತಿರುಗಿಸುವಷ್ಟರಲ್ಲಿ ಮಗಳು ಬಾಗಿಲಿಗೆ ಬಂದಿದ್ದಳು.

"ನಾನೂ ಬರ್ತೀನಿ. ಜ್ವರ ಹೇಗೆ ಬಂತು, ಏನಾಯ್ತು ಅಂತ ಡಾಕ್ಟ್ರು ಕೇಳ್ತಾರೆ."

ಚಿಕ್ಕಪ್ಪ ಅಡ್ಡ ನಿಂತ. "ತಲೆ ಕೆಟ್ಟಿದ್ಯಾ ನಿಂಗೆ? ಹೆಣ ಮನೇಲಿದೆ. ಗಾಡಿ ಬರೋ ಹೊತ್ತಾಯ್ತು. ಇರೋ ಒಬ್ಬಳೇ ಮಗಳು, ನೀನೇ ಹೋದ್ರೆ ಜನ ಏನಂತಾರೆ?"

ಅಮ್ಮ ಒಳಗಿನಿಂದಲೇ ಹೇಳಿದಳು. "ಬಿಡಪ್ಪ, ಹೋಗ್ಲಿ. ಇವರಿಗೆ ಇನ್ನೇನು ಅವಸರ? ಕಾಯ್ತಾರೆ." ಮಗಳ ಕಡೆ ಮಾತ್ರ ಅವಳು ನೋಡಲಿಲ್ಲ.

*

ಮಗಳು ಹುಟ್ಟಿದ ದಿನ ಅಮ್ಮನಿಗೆ ರಕ್ತ ನಿಲ್ಲಲೇ ಇಲ್ಲವಂತೆ. ಅಪ್ಪ ಆಸ್ಪತ್ರೆಯಿಂದ ಓಡಿ, ಅಂಗಡಿ ಸಾಲಿನಲ್ಲಿ ಸಿಕ್ಕ ಸಿಕ್ಕವರ ಕೈಹಿಡಿದೆಳೆದು, ಮೂರು ಜನರನ್ನು ಕರೆತಂದನಂತೆ. ತೋಳು ಮಡಚಿಕೊಂಡು ಏದುಸಿರು ಬಿಡುತ್ತಾ ನಿಂತರೆ, ಅಮ್ಮನ ಮಂಚದ ಪಕ್ಕ ಆಗಲೇ ಕೆಂಪು ಚೀಲ ನೇತಾಡುತ್ತಿತ್ತು.

"ಇದು ಯಾರದು ಸಿಸ್ಟರ್?" ಎಂದು ಕೇಳಿದನಂತೆ.

"ಯಾರದೋ. ಹೋದ ವಾರ ಬಂದು ಕೊಟ್ಟು ಹೋದವರದು."

"ಈಗ ನಮ್ಮದು ತಗೊಂಡಿದ್ರೆ?"

"ತಗೊಂಡು, ಪರೀಕ್ಷೆ ಮಾಡಿ, ಸರಿ ಇದೆ ಅಂತ ಗೊತ್ತಾಗೋವರೆಗೂ ನಿಮ್ಮ ಹೆಂಡತಿ ಕಾಯೋ ಹಾಗಿರ್ಲಿಲ್ಲ."

ಪ್ರತಿ ಹುಟ್ಟುಹಬ್ಬಕ್ಕೂ ಅಪ್ಪ ಈ ಕತೆ ಹೇಳುತ್ತಿದ್ದ. "ನಿಮ್ಮಮ್ಮ ಉಳಿದದ್ದು ನಾನು ಓಡಿದ್ದರಿಂದಲ್ಲ ಕಣೇ. ಯಾರೋ ಪುಣ್ಯಾತ್ಮ ಮೊದಲೇ ಬಂದಿದ್ದರಿಂದ. ಅವನಿಗೆ ಒಂದು ಕಾಫಿ ಕುಡಿಸೋಣ ಅಂದ್ರೆ ಯಾರು ಅಂತಲೇ ಗೊತ್ತಿಲ್ವಲ್ಲ!" ಕುಡಿಸಲಾಗದ ಆ ಕಾಫಿಗೆ ಬದಲಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಹೋಗಿ ಮಲಗಿ ಬರುತ್ತಿದ್ದ. ಮಗಳಿಗೆ ಹದಿನೆಂಟಾದಾಗ ಜೊತೆಗೆ ಕರೆದ. ಸೂಜಿ ಕಂಡರೆ ಆಗುವುದಿಲ್ಲ ಎಂದಳು. ಮುಂದೆ ಕೆಲಸ ಎಂದಳು. ಅಪ್ಪ ಬಲವಂತ ಮಾಡುವವನಲ್ಲ. ನಿನಗೆ ಬೇಕು ಅನ್ನಿಸಿದಾಗ ಬಾ ಎಂದು ಬಿಟ್ಟಿದ್ದ.

*

ಮಕ್ಕಳ ವಾರ್ಡಿನಲ್ಲಿ ಎಲ್ಲ ಮಂಚಗಳೂ ತುಂಬಿದ್ದವು. ಕಿಟಕಿ ಬದಿಯ ಮಂಚದಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗು ಮೂಗಿಗೆ ಹತ್ತಿ ತುರುಕಿಸಿಕೊಂಡು ಮಲಗಿತ್ತು. ಹತ್ತಿ ಕೆಂಪಾಗಿತ್ತು. ತೋಳ ಮೇಲೆಲ್ಲ ಪೆಟ್ಟು ಬಿದ್ದಂತೆ ನೀಲಿ ಕಲೆಗಳು. ಪಕ್ಕದ ಸ್ಟ್ಯಾಂಡಿನ ಕೊಕ್ಕೆಯಲ್ಲಿ ಪ್ಲೇಟ್‌ಲೆಟ್‌ನ ತಿಳಿಹಳದಿ ಚೀಲ ನೇತಾಡುತ್ತಿತ್ತು. ನರ್ಸು ಮಗುವಿನ ಅಂಗೈ ಹಿಡಿದು, ನಳಿಕೆಯನ್ನು ಸೂಜಿಗೆ ಸೇರಿಸಲು ಬಗ್ಗಿದ್ದಳು.

"ಸಿಸ್ಟರ್, ಬೇಡ! ಹಾಕ್ಬೇಡಿ!" ಸೂಜಿ ಅಣ್ಣ ಬಾಗಿಲಿಂದಲೇ ಕೂಗಿದ.

ನರ್ಸಿನ ಕೈ ಅಲ್ಲೇ ನಿಂತಿತು. "ನರ ಸಿಕ್ಕಿದ್ದೇ ಈಗ. ಅರ್ಧ ಗಂಟೆಯಿಂದ ಒದ್ದಾಡ್ತಿದ್ದೀನಿ."

ಒಂದು ಹನಿಯೂ ಮಗುವಿನ ಮೈ ಸೇರಿರಲಿಲ್ಲ. ಮಗಳು ಮಂಚದ ಕಂಬಿ ಹಿಡಿದುಕೊಂಡಳು. ಡಾಕ್ಟರು ಬಂದರು, ಕೇಳಿದರು. ಜ್ವರ ಯಾವಾಗ, ನಡುಕ ಹೇಗಿತ್ತು, ಹಿಮ್ಮಡಿಯ ಚೂರು, ಫೋನು, ಸುಳ್ಳು, ಎಲ್ಲವನ್ನೂ ಹೇಳಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತೆಗೀರಿ ಅದನ್ನ," ಎಂದಷ್ಟೇ ಹೇಳಿ ಫೋನ್ ಮಾಡಲು ಹೋದರು.

ಸೂಜಿ ಅಣ್ಣ ಚೀಲಕ್ಕೆ ಕೈ ಹಾಕಿದ. ಅಷ್ಟು ಹೊತ್ತು ಗೋಡೆಗೊರಗಿ ಕೂತಿದ್ದ ಮಗುವಿನ ತಾಯಿ ಎದ್ದು ಬಂದು ಅವನ ಕೈ ಹಿಡಿದಳು.

"ಎಲ್ಲಿಗೆ ತಗೊಂಡ್ಹೋಗ್ತೀರಿ? ನಮ್ಮದು ಅದು. ಮೊನ್ನೆಯಿಂದ ಕಾಯ್ತಿದ್ದೀವಿ."

"ಅದು ಕೆಟ್ಟಿರಬಹುದಮ್ಮ. ಮಗುವಿಗೆ ಅಪಾಯ."

"ಬಹುದು ಅಂದ್ರೆ? ಕೆಟ್ಟಿಲ್ಲದೆಯೂ ಇರಬಹುದಲ್ವಾ?" ಅವಳು ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. "ಇದಾದ್ರೂ ಇರ್ಲಿ. ಇದನ್ನೂ ಕಿತ್ಕೊಂಡ್ರೆ ನನ್ನ ಮಗುಗೆ ಏನಿದೆ? ರಕ್ತ ನಿಲ್ತಾನೇ ಇಲ್ಲ ಅದಕ್ಕೆ!"

ನರ್ಸು ಹೇಳಿದಳು, ಸೂಜಿ ಅಣ್ಣ ಹೇಳಿದ. ಅವಳು ಬಿಡಲಿಲ್ಲ. ಕೊನೆಗೆ ಮಗಳು ಹತ್ತಿರ ಹೋಗಿ ಅವಳ ಕೈ ಮೇಲೆ ಕೈಯಿಟ್ಟಳು. ಚೀಲ ಅವಳ ಅಂಗೈಗೂ ತಗುಲಿತು. ಅದು ತಣ್ಣಗಿರಲಿಲ್ಲ.

"ಅಕ್ಕಾ, ಇದು ನಮ್ಮಪ್ಪಂದು. ಇವತ್ತು ಬೆಳಿಗ್ಗೆ ಹೋದ್ರು, ನಂಜಾಗಿ. ಇನ್ನೂ ಮನೇಲೇ ಇದ್ದಾರೆ. ಯಾರಿಗೂ ಹಾಕ್ಬೇಡಿ ಅಂತ ಅವರೇ ಹೇಳಿದ್ರು. ನಿಮಗೆ ತಿಳಿಸದೇ ಇದ್ದೋಳು ನಾನು."

ಆ ತಾಯಿ ಅವಳನ್ನೇ ನೋಡಿದಳು. ಬೆರಳುಗಳು ಒಂದೊಂದಾಗಿ ಸಡಿಲವಾದವು. ಸೂಜಿ ಅಣ್ಣ ಚೀಲವನ್ನು ಕೊಕ್ಕೆಯಿಂದ ಬಿಡಿಸಿ, ಕಸಕ್ಕೆ ಹೋಗುವ ದಪ್ಪ ಕವರಿಗೆ ಹಾಕಿ ಬಾಯಿ ಕಟ್ಟಿದ.

"ಬೇರೆ ಯಾವಾಗ ಬರುತ್ತೆ?" ಎಂದಳು ತಾಯಿ.

"ಪಕ್ಕದ ಊರಲ್ಲಿ ಕೇಳ್ತಿದ್ದಾರೆ. ಸಿಕ್ಕಿದ್ರೆ ಸಂಜೆಗೆ. ನಮ್ಮಲ್ಲಿ ಇದೊಂದೇ ಇದ್ದದ್ದು."

"ನಂದು ತಗೊಳ್ಳಿ," ಎಂದಳು ಮಗಳು, ಹೆಗಲವರೆಗೂ ತೋಳು ಮಡಚುತ್ತಾ. "ಅಪ್ಪಂದೇ ಗ್ರೂಪ್ ನಂದು. ಈಗಲೇ ತಗೊಳ್ಳಿ."

"ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀವು. ತಗೊಂಡ್ರೂ ಪರೀಕ್ಷೆ ಆಗಿ ಕೈಗೆ ಬರೋದು ನಾಳೆಗೆ. ಇವತ್ತು ಈ ಮಗುವಿಗೆ ಆಗಲ್ಲ." ಅವನು ಮೆತ್ತಗೇ ಹೇಳಿದ. ಆದರೂ ಆ ತಾಯಿಗೆ ಕೇಳಿಸಿತು.

"ಮೊದಲು ಕೊಟ್ಟಿರ್ಲಿಲ್ವಾ ನೀವು?" ಎಂದು ಅವಳು ಮಗಳನ್ನು ಕೇಳಿದಳು. ಕುಟುಕುವ ದನಿಯಲ್ಲ, ತಿಳಿದುಕೊಳ್ಳುವ ದನಿ.

"ಇಲ್ಲ. ಯಾವತ್ತೂ ಇಲ್ಲ."

ತಾಯಿ ಮಗುವಿನ ಹೊದಿಕೆ ಸರಿಪಡಿಸಿದಳು. ಆಮೇಲೆ, "ನಾನೂ ಇಲ್ಲ," ಎಂದಳು.

ಮಗಳ ಫೋನು ಹೊಡೆದುಕೊಳ್ಳತೊಡಗಿತು. ಚಿಕ್ಕಪ್ಪ. ಗಾಡಿ ಬಂದಿರಬೇಕು. ನರ್ಸು ಬೇರೊಂದು ಮಂಚಕ್ಕೆ ಬೇಕೆಂದು ಸ್ಟ್ಯಾಂಡನ್ನು ತಳ್ಳಿಕೊಂಡು ಹೋಗಲು ಬಂದಳು. ತಾಯಿ ಅದರ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇರ್ಲಿ ಸಿಸ್ಟರ್. ಸಂಜೆಗೆ ಬೇಕಾಗುತ್ತೆ."

ನರ್ಸು ಸ್ಟ್ಯಾಂಡನ್ನು ಅಲ್ಲೇ ಬಿಟ್ಟು ಹೊರಟುಹೋದಳು. ತಾಯಿ ಹಿಡಿದ ಕೈ ಬಿಡದೆ, ಮಗುವಿನ ತಲೆಯ ಮೇಲಿನ ಖಾಲಿ ಕೊಕ್ಕೆಯನ್ನೇ ನೋಡುತ್ತಾ ನಿಂತಳು.